ಅರಳುಮರುಳಿಗೆ ಮುನ್ಸೂಚನೆ ಉಂಟೆ?

ಆಲ್ಝೈಮರ್ ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಮಿದುಳಿನೊಳಗೆ ಹಲವು ವರ್ಷಗಳ ಹಾನಿ ಆಗಿಹೋಗಿರುತ್ತದೆ. ಬದುಕಿರುವವರ ತಲೆಯೊಳಗೇ ಆ ಹಾನಿಯನ್ನು ನೋಡಬಲ್ಲ ಯಂತ್ರಗಳು ಈಗ ಇವೆ. ಆದರೆ ಅವು ತೆಗೆಯುವ ಚಿತ್ರ ನಾಳೆಯ ಮರೆವನ್ನು ಎಷ್ಟರಮಟ್ಟಿಗೆ ಹೇಳೀತು?

ಅಜ್ಜ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ ಮೊಮ್ಮಕ್ಕಳು ನಗುತ್ತಾರೆ, ಅಜ್ಜನೂ ನಗುತ್ತಾರೆ. ಅಜ್ಜಿ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ‘ಅರವತ್ತಕ್ಕೆ ಅರಳುಮರುಳು’ ಎಂದು ಹಿರಿಯರೇ ಗಾದೆ ಕಟ್ಟಿಟ್ಟಿದ್ದಾರಲ್ಲ! ಆದರೆ ಐವತ್ತು ವರ್ಷ ಓಡಾಡಿದ ಬೀದಿಯಲ್ಲೇ ದಾರಿ ತಪ್ಪಿದಾಗ, ಮಧ್ಯಾಹ್ನ ಉಂಡು ಕೈ ತೊಳೆದವರೇ ‘ಇವತ್ತು ನನಗೆ ಊಟ ಹಾಕಲಿಲ್ಲ’ ಎಂದು ಪಕ್ಕದ ಮನೆಯಲ್ಲಿ ದೂರು ಹೇಳಿದಾಗ, ಹೆತ್ತ ಮಗಳನ್ನೇ ‘ನೀನು ಯಾರಮ್ಮ?’ ಎಂದು ಕೇಳಿದಾಗ ಆ ಗಾದೆ ಸಾಲದು. ಅದನ್ನು ಮುಪ್ಪಿನ ಲೆಕ್ಕಕ್ಕೆ ಹಾಕುವಂತಿಲ್ಲ, ಅದೊಂದು ರೋಗ.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿ, ಎಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾ ಎಂಬ ಮತಿಕ್ಷೀಣತೆಯಿಂದ ಬಳಲುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಮತಿಕ್ಷೀಣತೆಗೆ ಕಾರಣಗಳು ಹಲವು. ಅವುಗಳಲ್ಲಿ ಮೊದಲ ಸ್ಥಾನ ಆಲ್ಝೈಮರ್ ಕಾಯಿಲೆಯದು. ಜಗತ್ತಿನಾದ್ಯಂತ ಇಂಥ ರೋಗಿಗಳಲ್ಲಿ ಶೇಕಡಾ 60ರಿಂದ 70 ಮಂದಿಗೆ ಇರುವುದು ಇದೇ.

ಫ್ರಾಂಕ್‌ಫರ್ಟಿನ ಗೃಹಿಣಿ

1901ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ವೈದ್ಯ ಅಲೋಯಿಸ್ ಆಲ್ಝೈಮರ್ ಆಕೆಯ ಹೆಸರು ಕೇಳಿದರು. ‘ಆಗುಸ್ಟೆ’ ಎಂಬ ಉತ್ತರ ಬಂತು. ಗಂಡನ ಹೆಸರು ಕೇಳಿದರೆ ಅದಕ್ಕೂ ‘ಆಗುಸ್ಟೆ’ ಎಂದೇ ಉತ್ತರ. ತನ್ನ ಹೆಸರನ್ನು ಬರೆಯಲು ಹೇಳಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ‘ನನ್ನನ್ನು ನಾನೇ ಕಳೆದುಕೊಂಡಿದ್ದೇನೆ’ ಎಂಬ ಅರ್ಥದ ಮಾತನ್ನು ಆಕೆ ಆಡಿದ್ದು ಆಸ್ಪತ್ರೆಯ ಕಡತದಲ್ಲಿ ದಾಖಲಾಗಿದೆ.

1906ರಲ್ಲಿ ಆಕೆ ತೀರಿಕೊಂಡರು. ಆ ಹೊತ್ತಿಗೆ ಮ್ಯೂನಿಕ್‌ನಲ್ಲಿದ್ದ ಆಲ್ಝೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು, ಬೆಳ್ಳಿಯ ಲವಣದಿಂದ ಬಣ್ಣ ಹತ್ತಿಸಿ ಸೂಕ್ಷ್ಮದರ್ಶಕದಡಿ ಇಟ್ಟರು. ಎರಡು ವಿಲಕ್ಷಣ ಸಂಗತಿಗಳು ಕಂಡವು. ನರಕೋಶಗಳ ಹೊರಗೆ ಅಲ್ಲಲ್ಲಿ ಕಿಟ್ಟ ಕಟ್ಟಿದಂಥ ಗಂಟುಗಳು; ನರಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳು. ಗಂಟುಗಳು ಅಮಿಲಾಯ್ಡ್ ಎಂಬ ಪ್ರೋಟೀನಿನಿಂದ ಆದವು, ಸಿಕ್ಕುಗಳು ಟೌ ಎಂಬ ಇನ್ನೊಂದು ಪ್ರೋಟೀನಿನವು ಎಂದು ಗೊತ್ತಾದದ್ದು 1980ರ ದಶಕದಲ್ಲಿ.

ಇಷ್ಟೆಲ್ಲ ತಿಳಿದರೂ ಒಂದು ತೊಡಕು ಉಳಿದೇ ಇತ್ತು. ಗಂಟು ಮತ್ತು ಸಿಕ್ಕುಗಳನ್ನು ಕಣ್ಣಾರೆ ಕಾಣಬೇಕಾದರೆ ರೋಗಿ ಸಾಯಬೇಕಿತ್ತು. ಬದುಕಿರುವಾಗ ವೈದ್ಯರು ಹೇಳುತ್ತಿದ್ದದ್ದು ‘ಇರಬಹುದು’ ಎಂದಷ್ಟೇ. ‘ಹೌದು’ ಎಂಬ ಖಚಿತ ಉತ್ತರ ಶವಪರೀಕ್ಷೆಯ ಮೇಜಿನ ಮೇಲೆ ಸಿಗುತ್ತಿತ್ತು.

ಗೆದ್ದಲು ಹಿಡಿದ ಬಾಗಿಲು

ಹಳೆಯ ಮನೆಯ ಬಾಗಿಲಿಗೆ ಗೆದ್ದಲು ಹಿಡಿದರೆ ಮೊದಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣ ಹಾಗೆಯೇ ಇರುತ್ತದೆ, ಕದ ಸಲೀಸಾಗಿ ತೆರೆಯುತ್ತದೆ. ಒಂದು ದಿನ ಬೆರಳಿಟ್ಟು ಒತ್ತಿದರೆ ಒಳಗೆಲ್ಲ ಪೊಳ್ಳು! ಆಲ್ಝೈಮರ್ ಕಾಯಿಲೆಯ ನಡೆಯೂ ಹೀಗೆಯೇ. ಮಿದುಳಿಗೆ ಒಂದಿಷ್ಟು ಮೀಸಲು ಶಕ್ತಿ ಇರುವುದರಿಂದ ಬಹಳ ಕಾಲ ಅದು ಹಾನಿಯನ್ನು ಹೊರಗೆ ಬಿಟ್ಟುಕೊಡದೆ ಸಂಸಾರ ತೂಗಿಸುತ್ತದೆ.

ಎಷ್ಟು ಕಾಲ? ಇದನ್ನು ಲೆಕ್ಕ ಹಾಕಲು ವಿಜ್ಞಾನಿಗಳಿಗೆ ನೆರವಾದದ್ದು ಕೆಲವು ನತದೃಷ್ಟ ಕುಟುಂಬಗಳು. ಇವರಲ್ಲಿ ಒಂದೇ ಒಂದು ಜೀನಿನ ದೋಷದಿಂದ ರೋಗ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ತಂದೆಗೋ ತಾಯಿಗೋ ಯಾವ ವಯಸ್ಸಿನಲ್ಲಿ ಮರೆವು ಶುರುವಾಯಿತೋ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಮಕ್ಕಳಿಗೂ ಶುರುವಾಗುತ್ತದೆ. ಹೀಗಾಗಿ ‘ಇನ್ನು ಎಷ್ಟು ವರ್ಷ’ ಎಂದು ಮುಂಚಿತವಾಗಿ ಅಂದಾಜು ಮಾಡಿ, ಇಂದಿನ ಮಿದುಳು ಹೇಗಿದೆ ಎಂದು ನೋಡಬಹುದು. ಇಂಥ ಕುಟುಂಬಗಳ 128 ಮಂದಿಯ ಪರೀಕ್ಷೆಯ ವರದಿ 2012ರಲ್ಲಿ ಪ್ರಕಟವಾಯಿತು. ಬೆನ್ನುಹುರಿಯ ದ್ರವದಲ್ಲಿ ಅಮಿಲಾಯ್ಡ್ ಪ್ರಮಾಣ ಏರುಪೇರಾಗುವುದು ರೋಗಲಕ್ಷಣ ಕಾಣುವುದಕ್ಕೆ ಸುಮಾರು 25 ವರ್ಷ ಮೊದಲು. ಮಿದುಳಿನಲ್ಲಿ ಗಂಟು ಕಟ್ಟುವುದು, ಮಿದುಳು ಸವೆಯತೊಡಗುವುದು ಸುಮಾರು 15 ವರ್ಷ ಮೊದಲು. ಸಕ್ಕರೆಯ ಬಳಕೆ ತಗ್ಗುವುದು ಸುಮಾರು 10 ವರ್ಷ ಮೊದಲು. ಮರೆವು ಬರುವುದು ಕಟ್ಟಕಡೆಗೆ.

ಎಂದರೆ ನೋಡಬಲ್ಲವರಿಗೆ ಎಚ್ಚರಿಕೆಯ ಗಂಟೆ ಬಹಳ ಮೊದಲೇ ಬಾರಿಸುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಹೇಗೆ?

ಅಳತೆ ಮತ್ತು ಇಂಧನ

ಮೊದಲ ಸಾಧನ ಎಂ.ಆರ್.ಐ. ದೇಹದ ನೀರಿನಲ್ಲಿರುವ ಹೈಡ್ರೊಜನ್ ಪರಮಾಣುಗಳನ್ನು ಬಲವಾದ ಅಯಸ್ಕಾಂತದಿಂದಲೂ ರೇಡಿಯೋ ಅಲೆಗಳಿಂದಲೂ ಕೆಣಕಿ, ಅವು ಕೊಡುವ ಉತ್ತರದಿಂದ ಚಿತ್ರ ಬಿಡಿಸುವ ಯಂತ್ರ ಇದು. ಮಿದುಳಿನ ಆಕಾರ, ಗಾತ್ರಗಳನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ಇಲ್ಲಿ ವೈದ್ಯರ ದೃಷ್ಟಿ ನೆಡುವುದು ಹಿಪ್ಪೋಕ್ಯಾಂಪಸ್ ಎಂಬ ಭಾಗದ ಮೇಲೆ. ಮಿದುಳಿನ ಎರಡೂ ಪಕ್ಕದಲ್ಲಿ ಒಳಗೆ ಹುದುಗಿರುವ, ಕಡಲ್ಗುದುರೆಯಂತೆ ಬಾಗಿದ ಈ ಪುಟ್ಟ ಅಂಗ ಹೊಸ ನೆನಪುಗಳ ನೋಂದಣಿ ಕಚೇರಿ ಇದ್ದಂತೆ. ವಯಸ್ಸಾದಂತೆ ಎಲ್ಲರಲ್ಲೂ ಇದು ವರ್ಷಕ್ಕೆ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ. ಆಲ್ಝೈಮರ್ ರೋಗಿಗಳಲ್ಲಿ ಕುಗ್ಗುವ ವೇಗ ಅದರ ಮೂರು ಪಟ್ಟು. ಲಂಡನ್ನಿನ ನಿಕ್ ಫಾಕ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅದೇ ವ್ಯಕ್ತಿಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಒಂದರ ಮೇಲೊಂದಿಟ್ಟು ಹೋಲಿಸುವ ವಿಧಾನವನ್ನು ಬೆಳೆಸಿದರು. ಒಂದು ಚಿತ್ರ ಹೇಳದ್ದನ್ನು ಎರಡು ಚಿತ್ರಗಳ ನಡುವಣ ವ್ಯತ್ಯಾಸ ಹೇಳುತ್ತದೆ.

ಎರಡನೆಯದು ಪೆಟ್ ಸ್ಕ್ಯಾನ್. ವಿಕಿರಣ ಸೂಸುವ ಪರಮಾಣುವೊಂದನ್ನು ಅಂಟಿಸಿದ ವಸ್ತುವನ್ನು ತೀರಾ ಅಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಆ ಪರಮಾಣು ಹೊರಹಾಕುವ ಪಾಸಿಟ್ರಾನ್ ಕಣ ಪಕ್ಕದ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಅಳಿದು, ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ತಲೆಯ ಸುತ್ತ ಬಳೆಯಂತಿರುವ ಗ್ರಾಹಕಗಳು ಅವನ್ನು ಹಿಡಿದು, ಅವು ಹೊರಟ ಜಾಗವನ್ನು ಗುರುತಿಸುತ್ತವೆ. ಗ್ಲೂಕೋಸಿಗೆ ಇಂಥ ಗುರುತು ಹಚ್ಚಿ ಬಿಟ್ಟರೆ ಮಿದುಳಿನ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತಿಳಿಯುತ್ತದೆ. ದೇಹದ ತೂಕದ ಶೇಕಡಾ ಎರಡರಷ್ಟೇ ಇರುವ ಮಿದುಳು ದೇಹದ ಶಕ್ತಿಯ ಐದನೇ ಒಂದು ಪಾಲನ್ನು ಕಬಳಿಸುತ್ತದೆ. ರೋಗ ಹಿಡಿದ ಭಾಗದಲ್ಲಿ ಈ ಹಸಿವು ಇಂಗಿರುತ್ತದೆ.

ಬಟ್ಟೆಯ ಬಣ್ಣದಿಂದ ಮಿದುಳಿನ ಚಿತ್ರಕ್ಕೆ

ಸವೆತವೂ ಹಸಿವು ಇಂಗುವುದೂ ರೋಗದ ಪರಿಣಾಮಗಳು. ರೋಗದ ಮೂಲವಸ್ತುವನ್ನೇ ನೋಡಲಾದೀತೆ? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಹತ್ತು ವರ್ಷಕ್ಕೂ ಮಿಕ್ಕಿ ಇದರ ಬೆನ್ನು ಹತ್ತಿದ್ದರು. ಅವರಿಗೆ ದಾರಿ ತೋರಿಸಿದ್ದು ಬಣ್ಣಗಳು. ಬಟ್ಟೆಗೆ ಹಾಕುವ ಕಾಂಗೋ ರೆಡ್, ಥಯೋಫ್ಲೇವಿನ್‌ನಂಥ ಬಣ್ಣಗಳು ಅಮಿಲಾಯ್ಡ್ ಗಂಟಿಗೆ ಚೆನ್ನಾಗಿ ಹತ್ತುತ್ತವೆ ಎಂಬುದು ಶವಪರೀಕ್ಷಕರಿಗೆ ಹಿಂದಿನಿಂದಲೂ ಗೊತ್ತಿತ್ತು. ಸತ್ತವರ ಮಿದುಳಿಗೆ ಹತ್ತುವ ಬಣ್ಣವನ್ನು ಬದುಕಿರುವವರ ಮಿದುಳಿಗೂ ಹತ್ತಿಸಬಾರದೇಕೆ?

ಹೇಳಿದಷ್ಟು ಸುಲಭವಲ್ಲ. ರಕ್ತದಲ್ಲಿರುವ ಕಂಡಕಂಡ ವಸ್ತುಗಳೆಲ್ಲ ನುಗ್ಗದಂತೆ ಮಿದುಳಿನ ರಕ್ತನಾಳಗಳಲ್ಲಿ ಬಿಗಿಯಾದ ಕಾವಲಿದೆ. ವಿದ್ಯುದಾವೇಶ ಹೊತ್ತ ಬಣ್ಣದ ಅಣುಗಳನ್ನು ಅದು ಒಳಗೆ ಬಿಡದು. ಕ್ಲಂಕ್ ಮತ್ತು ಮ್ಯಾಥಿಸ್ ಥಯೋಫ್ಲೇವಿನ್ನಿನ ಅಣುವನ್ನು ತಿದ್ದಿ, ಅದರ ಆವೇಶ ಕಳೆದು, ವಿಕಿರಣಶೀಲ ಕಾರ್ಬನ್-11ನ್ನು ಜೋಡಿಸಿದರು. 2002ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಚುಚ್ಚಲಾಯಿತು. ಪರದೆಯ ಮೇಲೆ ಗಂಟುಗಳಿರುವ ಭಾಗಗಳು ಬೆಳಗಿದವು! 16 ರೋಗಿಗಳನ್ನೂ 9 ಆರೋಗ್ಯವಂತರನ್ನೂ ಹೋಲಿಸಿದ ವರದಿ 2004ರಲ್ಲಿ ಬಂತು. ವಸ್ತುವಿಗೆ ‘ಪಿಟ್ಸ್‌ಬರ್ಗ್ ಸಂಯುಕ್ತ ಬಿ’ ಎಂಬ ಹೆಸರು ನಿಂತಿತು. ಆಲ್ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಸುಮಾರು ಒಂದು ಶತಮಾನದ ನಂತರ ಬದುಕಿರುವವರ ತಲೆಯೊಳಗೇ ಕಾಣಲು ಸಾಧ್ಯವಾಯಿತು.

ಕಾರ್ಬನ್-11ರ ಅರ್ಧಾಯುಷ್ಯ ಕೇವಲ 20 ನಿಮಿಷ. ತಯಾರಿಸಿದ ಕಟ್ಟಡದಲ್ಲೇ ಬಳಸಿ ಮುಗಿಸಬೇಕು. ಆದ್ದರಿಂದ 110 ನಿಮಿಷ ಅರ್ಧಾಯುಷ್ಯದ ಫ್ಲೋರಿನ್-18 ಹಚ್ಚಿದ ವಸ್ತುಗಳು ಮುಂದೆ ಬಂದವು. ಅವುಗಳಲ್ಲಿ ಮೊದಲನೆಯದಾದ ಫ್ಲೋರ್‌ಬೀಟಪಿರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ.

ಚಿತ್ರ ಹೇಳಿದ್ದೊಂದು, ಮನುಷ್ಯ ಇದ್ದದ್ದೊಂದು

ಇನ್ನೇನು, ಭವಿಷ್ಯ ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ಹೊಸ ಒಗಟು ಎದುರಾಯಿತು. ಯಾವ ತೊಂದರೆಯೂ ಇಲ್ಲದೆ ಮನೆವಾರ್ತೆ, ಬ್ಯಾಂಕಿನ ಲೆಕ್ಕ ನೋಡಿಕೊಂಡಿರುವ ಹಿರಿಯರ ಮಿದುಳಿನಲ್ಲೂ ಅಮಿಲಾಯ್ಡ್ ಬೆಳಗಿತು. ಬುದ್ಧಿ ಚುರುಕಾಗಿಯೇ ಇರುವವರನ್ನು ನೋಡಿದರೆ 50ರ ವಯಸ್ಸಿನಲ್ಲಿ ಸುಮಾರು ಶೇಕಡಾ 10 ಮಂದಿಗೆ, 90ರ ವಯಸ್ಸಿನಲ್ಲಿ ಶೇಕಡಾ 44 ಮಂದಿಗೆ ಅಮಿಲಾಯ್ಡ್ ಇರುತ್ತದೆಂದು 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಲೆಕ್ಕ ಕೊಟ್ಟಿತು. ಇವರಲ್ಲಿ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಹಲವರು ಮರೆಗುಳಿಗಳಾಗದೆಯೇ ಆಯುಷ್ಯ ಮುಗಿಸುತ್ತಾರೆ.

ಇಂಥ ಮಾತನ್ನು ಹಿಂದೆಯೇ ಹೇಳಿದ್ದು ಅಮೆರಿಕದ ಕ್ರೈಸ್ತ ಸಂನ್ಯಾಸಿನಿಯರ ಅಧ್ಯಯನ. ಡೇವಿಡ್ ಸ್ನೋಡನ್ 1986ರಲ್ಲಿ ಆರಂಭಿಸಿದ ಇದರಲ್ಲಿ 678 ಸಂನ್ಯಾಸಿನಿಯರು ಮರಣಾನಂತರ ಮಿದುಳನ್ನು ದಾನ ಮಾಡಲು ಒಪ್ಪಿದ್ದರು. ಅವರಲ್ಲಿ 101 ವರ್ಷ ಬದುಕಿದ ಒಬ್ಬರು ಕೊನೆಯವರೆಗೂ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಉತ್ತರಿಸುತ್ತಿದ್ದರು. ಮಿದುಳನ್ನು ತೆರೆದು ನೋಡಿದರೆ ಗಂಟುಗಳು, ಸಿಕ್ಕುಗಳು ಹೇರಳವಾಗಿದ್ದವು!

ಟೌ ಎಂಬ ನಿಷ್ಠುರ ಸಾಕ್ಷಿ

ಹಾಗಾದರೆ ಮರೆವಿನ ಜತೆಜತೆಗೇ ಹೆಜ್ಜೆ ಹಾಕುವುದು ಯಾವುದು? ಜರ್ಮನಿಯ ಹೈಕೊ ಬ್ರಾಕ್ ಮತ್ತು ಈವಾ ಬ್ರಾಕ್ ದಂಪತಿ 1991ರಲ್ಲೇ ಒಂದು ಸುಳಿವು ಕೊಟ್ಟಿದ್ದರು. ಅಮಿಲಾಯ್ಡ್ ಮಿದುಳಿನಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಹರಡಿದರೆ, ಟೌ ಸಿಕ್ಕುಗಳು ಕ್ರಮಬದ್ಧವಾಗಿ ಸಾಗುತ್ತವೆ. ಹಿಪ್ಪೋಕ್ಯಾಂಪಸಿನ ನೆರೆಯಲ್ಲಿ ಶುರುವಾಗಿ, ಅದನ್ನು ಆಕ್ರಮಿಸಿ, ಆಮೇಲೆ ಹೊರ ಪದರಗಳಿಗೆ ಹಬ್ಬುತ್ತವೆ. ನೆನಪು ಮೊದಲು, ಭಾಷೆ ಮತ್ತು ವಿವೇಚನೆ ಅನಂತರ ಕುಸಿಯುವುದಕ್ಕೂ ಈ ದಾರಿಗೂ ತಾಳೆಯಿದೆ. ಟೌ ಪ್ರೋಟೀನನ್ನು ಗುರುತಿಸುವ ಫ್ಲೋರ್‌ಟಾಸಿಪಿರ್ ಎಂಬ ವಸ್ತುವಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು.

ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೆನೊ ಲಾ ಜ್ವಾ, ಗಿಲ್ ರಬಿನೊವಿಚಿ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ರೋಗದ ಆರಂಭದಲ್ಲಿದ್ದ 32 ಮಂದಿಯ ಅಮಿಲಾಯ್ಡ್ ಚಿತ್ರ, ಟೌ ಚಿತ್ರ ಎರಡನ್ನೂ ಅವರು ತೆಗೆದರು. ಒಂದು ವರ್ಷಕ್ಕೂ ಮೇಲೆ ಕಾದು, ಎಂ.ಆರ್.ಐ. ಮೂಲಕ ಯಾರ ಮಿದುಳು ಎಲ್ಲಿ ಎಷ್ಟು ಸವೆದಿದೆ ಎಂದು ಅಳೆದರು. ಮೊದಲ ದಿನ ಟೌ ಎಲ್ಲಿ ಬೆಳಗಿತ್ತೋ ಅಲ್ಲಿಯೇ ಮುಂದೆ ಸವೆತ ಆಗಿತ್ತು. ಒಬ್ಬರಿಂದೊಬ್ಬರಿಗೆ ಸವೆತದಲ್ಲಿದ್ದ ವ್ಯತ್ಯಾಸದ ಸುಮಾರು 40 ಪಾಲನ್ನು ಟೌ ಚಿತ್ರ ಮೊದಲೇ ಹೇಳಿತ್ತು. ಅಮಿಲಾಯ್ಡ್ ಚಿತ್ರ ಹೇಳಿದ್ದು ನೂರಕ್ಕೆ ಮೂರು ಪಾಲು ಮಾತ್ರ.

ಈ 40ನ್ನು ಎರಡು ಬಗೆಯಲ್ಲಿ ಓದಬೇಕು. ಹಿಂದಿನ ಯಾವ ಚಿತ್ರಕ್ಕಿಂತಲೂ ಇದು ಮೇಲು. ಆದರೂ ನೂರಕ್ಕೆ 60 ಪಾಲು ಇನ್ನೂ ಕತ್ತಲಲ್ಲೇ ಇದೆ. ನೂರು ಜನರ ಗುಂಪಿನ ಬಗ್ಗೆ ಧೈರ್ಯವಾಗಿ ಹೇಳಬಹುದಾದ ಮಾತನ್ನು ಎದುರಿಗೆ ಕುಳಿತ ಒಬ್ಬರ ಬಗ್ಗೆ ಅಷ್ಟೇ ಧೈರ್ಯದಿಂದ ಹೇಳಲಾಗದು.

ಮೂವತ್ತು ವರ್ಷ ತಡವಾಗಿ ಬಂದ ಮರೆವು

ಇದಕ್ಕೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಒಂದು ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಅಲ್ಲಿನ ಆಂಟಿಯೋಕಿಯಾ ಪ್ರಾಂತದ ಬೆಟ್ಟದೂರುಗಳಲ್ಲಿ ಜೀನ್ ದೋಷದಿಂದ ಆಲ್ಝೈಮರ್ ಹಿಡಿಯುವ ಜಗತ್ತಿನ ಅತಿ ದೊಡ್ಡ ಕುಟುಂಬವಿದೆ. ನಮ್ಮಲ್ಲಿ ಅರಳುಮರುಳು ಎನ್ನುವಂತೆ ಅಲ್ಲಿಯ ಜನ ಇದನ್ನು ‘ಲಾ ಬೊಬೆರಾ’, ಎಂದರೆ ಮಂಕುತನ, ಎನ್ನುತ್ತಿದ್ದರು. ದೋಷವಿರುವವರಿಗೆ ಸುಮಾರು 44ನೇ ವಯಸ್ಸಿಗೆ ಮರೆವು ತಪ್ಪದು. ವೈದ್ಯ ಫ್ರಾನ್ಸಿಸ್ಕೊ ಲೊಪೆರಾ ದಶಕಗಳ ಕಾಲ ಈ ಕುಟುಂಬದ ಜತೆಗಿದ್ದು ವಂಶವೃಕ್ಷವನ್ನು ಬಿಡಿಸಿದರು.

ಆ ಕುಟುಂಬದ ಒಬ್ಬ ಮಹಿಳೆಗೆ ಅದೇ ಜೀನ್ ದೋಷವಿದ್ದರೂ ಎಪ್ಪತ್ತು ದಾಟುವವರೆಗೆ ಮರೆವು ಸುಳಿಯಲಿಲ್ಲ. ಬಾಸ್ಟನ್ನಿನಲ್ಲಿ ಆಕೆಯ ಮಿದುಳಿನ ಚಿತ್ರ ತೆಗೆದ ವಿಜ್ಞಾನಿಗಳು ಬೆರಗಾದರು. ಅಮಿಲಾಯ್ಡ್ ವಿಪರೀತವಾಗಿತ್ತು. ಆ ಚಿತ್ರವೊಂದನ್ನೇ ನೋಡಿದ್ದರೆ ಆಕೆ ಎಂದೋ ಹಾಸಿಗೆ ಹಿಡಿದಿರಬೇಕು ಎನ್ನುತ್ತಿದ್ದರು. ಆದರೆ ಟೌ ಮಾತ್ರ ಅಷ್ಟಾಗಿ ಹಬ್ಬಿರಲಿಲ್ಲ. ಎಪಿಒಇ ಎಂಬ ಇನ್ನೊಂದು ಜೀನಿನಲ್ಲಿದ್ದ ಅಪರೂಪದ ಮಾರ್ಪಾಡು ಆಕೆಯನ್ನು ಕಾಪಾಡಿರಬೇಕು ಎಂದು 2019ರ ವರದಿ ತರ್ಕಿಸಿತು. ಆ ಕುಟುಂಬದ ಹಣೆಬರಹವೆಂದು ತಿಳಿದದ್ದನ್ನು ಮೂವತ್ತು ವರ್ಷ ಮುಂದಕ್ಕೆ ತಳ್ಳುವ ಶಕ್ತಿಯೂ ಮನುಷ್ಯನ ದೇಹದಲ್ಲೇ ಇದೆ ಎಂದಾಯಿತು.

ಮೊದಲೇ ತಿಳಿದು ಮಾಡುವುದೇನು?

ಮದ್ದಿಲ್ಲದ ಕಾಯಿಲೆಯನ್ನು ಮೊದಲೇ ತಿಳಿದು ಕೊರಗುವುದೇಕೆ ಎಂಬ ಪ್ರಶ್ನೆ ಬಹಳ ಕಾಲ ಸಮಂಜಸವಾಗಿಯೇ ಇತ್ತು. ಈಗ ಪರಿಸ್ಥಿತಿ ಕೊಂಚ ಬದಲಾಗಿದೆ. ಅಮಿಲಾಯ್ಡ್ ಗಂಟನ್ನು ತೊಳೆಯುವ ಲೆಕಾನೆಮಾಬ್ 2023ರಲ್ಲಿ, ಡೊನಾನೆಮಾಬ್ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. 1,795 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಲೆಕಾನೆಮಾಬ್ 18 ತಿಂಗಳಲ್ಲಿ ಕುಸಿತದ ವೇಗವನ್ನು ಶೇಕಡಾ 27ರಷ್ಟು ತಗ್ಗಿಸಿತು. ಗುಣವಾಗುವುದಿಲ್ಲ, ಜಾರುವ ವೇಗ ಕಡಿಮೆಯಾಗುತ್ತದೆ, ಅಷ್ಟೆ. ಮಿದುಳಿನಲ್ಲಿ ಬಾವು, ರಕ್ತಸ್ರಾವಗಳ ಅಪಾಯವೂ ಉಂಟು. ಅದನ್ನು ಕಾಯಲು ಪದೇ ಪದೇ ಎಂ.ಆರ್.ಐ. ಮಾಡಬೇಕು. ಡೊನಾನೆಮಾಬ್ ಪರೀಕ್ಷೆಯಲ್ಲಿ ಹೆಚ್ಚು ಲಾಭ ಕಂಡದ್ದು ಟೌ ಇನ್ನೂ ಅಷ್ಟಾಗಿ ಹಬ್ಬಿರದವರಲ್ಲಿ. ಯಾರಿಗೆ ಮದ್ದು ಕೊಡಬೇಕು, ಯಾರಿಗೆ ಕಾಲ ಮೀರಿದೆ ಎಂದು ಆರಿಸಲು ಮಿದುಳಿನ ಚಿತ್ರ ಬೇಕೇ ಬೇಕು.

ಇನ್ನೊಂದು ಕಡೆ ತಜ್ಞರಲ್ಲೇ ವಾಗ್ವಾದ ನಡೆದಿದೆ. ಮಿದುಳಿನಲ್ಲಿ ಅಮಿಲಾಯ್ಡ್ ಕಂಡರೆ ಸಾಕು, ಮರೆವು ಇಲ್ಲದಿದ್ದರೂ ಅದು ಆಲ್ಝೈಮರ್ ಕಾಯಿಲೆಯೇ ಎಂದು ಅಮೆರಿಕದ ಒಂದು ತಂಡ 2024ರಲ್ಲಿ ವ್ಯಾಖ್ಯಾನಿಸಿತು. ಲಕ್ಷಣವಿಲ್ಲದವರನ್ನು ‘ಅಪಾಯವಿರುವವರು’ ಎನ್ನಿ, ‘ರೋಗಿ’ ಎನ್ನಬೇಡಿ ಎಂದು ಮತ್ತೊಂದು ಅಂತರರಾಷ್ಟ್ರೀಯ ತಂಡ ಅದೇ ವರ್ಷ ಎದುರು ವಾದಿಸಿತು. ಇದು ಬರಿಯ ಶಬ್ದಗಳ ಜಗಳವಲ್ಲ. ಆರೋಗ್ಯವಾಗಿ ಓಡಾಡುವ ಅರವತ್ತರ ವ್ಯಕ್ತಿಗೆ ‘ನಿಮಗೆ ಆಲ್ಝೈಮರ್ ಇದೆ’ ಎಂದರೆ ಮರುದಿನದಿಂದ ಪ್ರತಿಯೊಂದು ಸಣ್ಣ ಮರೆವೂ ಅವರಿಗೆ ಭೂತವಾಗಿ ಕಾಡೀತು. ಮನೆಯವರು ಹಣಕಾಸನ್ನು ಕೈಯಿಂದ ಕಿತ್ತುಕೊಂಡಾರು. ಅಂಥ ಮರೆವು ಬಾರದೆಯೂ ಹೋಗಬಹುದು!

ರಕ್ತಪರೀಕ್ಷೆಯೂ ಬಾಗಿಲಿಗೆ ಬಂದಿದೆ. ಟೌ ಪ್ರೋಟೀನಿನ ಒಂದು ರೂಪವನ್ನೂ ಅಮಿಲಾಯ್ಡನ್ನೂ ರಕ್ತದಲ್ಲಿ ಅಳೆಯುವ ಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೂ ಮರೆವಿನ ಲಕ್ಷಣವಿರುವ, 55 ದಾಟಿದವರಿಗೆ ಮಾತ್ರ. ಸುಮ್ಮನೆ ಕುತೂಹಲಕ್ಕೆ ಮಾಡಿಸಿಕೊಳ್ಳಲು ಅಲ್ಲ.

ಶ್ರೀನಿವಾಸಪುರದ ಹಳ್ಳಿಗಳಲ್ಲಿ

ಇಲ್ಲಿಯವರೆಗಿನ ಲೆಕ್ಕಗಳಲ್ಲಿ ಬಹುಪಾಲು ಬಂದದ್ದು ಅಮೆರಿಕ, ಯೂರೋಪುಗಳ ಓದುಬರಹ ಬಲ್ಲ ಪಟ್ಟಣಿಗರಿಂದ. ರಾಗಿ ಹೊಲದಲ್ಲಿ ದುಡಿದ, ಶಾಲೆಯ ಮೆಟ್ಟಿಲು ಹತ್ತದ ಮುದುಕಿಯ ಮಿದುಳಿಗೂ ಅವೇ ಅಳತೆಗಳು ಒಪ್ಪುತ್ತವೆಯೆ? ಇದನ್ನು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ದೊಡ್ಡ ಅಧ್ಯಯನವನ್ನು ಕೈಗೆತ್ತಿಕೊಂಡಿತು. 45 ದಾಟಿದ 10,000 ಹಳ್ಳಿಗರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆಗಳ ಜತೆಗೆ ಎಂ.ಆರ್.ಐ.ಯೂ ಅದರಲ್ಲಿದೆ.

ಮೀಸಲು ಶಕ್ತಿಯ ಬಗ್ಗೆ ನಮ್ಮ ನೆಲದ ಇನ್ನೊಂದು ಸಂಗತಿಯೂ ಜಗತ್ತಿನ ಗಮನ ಸೆಳೆದಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮತಿಕ್ಷೀಣ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಮಾತಾಡುವ ನಮ್ಮ ಜನಕ್ಕೆ ಇದು ಸಮಾಧಾನದ ಸುದ್ದಿ.

ಹಾಗಾದರೆ ಮನೆಯ ಹಿರಿಯರ ಮರೆವು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದಾಗ ಮಾಡಬೇಕಾದ್ದೇನು? ಮೊದಲು ವೈದ್ಯರಿಗೆ ತೋರಿಸಬೇಕು. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ತೊಂದರೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಇವೂ ಮರೆವು ತರುತ್ತವೆ, ಇವಕ್ಕೆ ಚಿಕಿತ್ಸೆಯಿದೆ. ಸಾಮಾನ್ಯ ರಕ್ತಪರೀಕ್ಷೆ, ಒಂದು ಸ್ಕ್ಯಾನ್ ಇವುಗಳ ಸುಳಿವು ಕೊಟ್ಟೀತು. ಇನ್ನು ಮರೆವೇ ಇಲ್ಲದವರು ದುಬಾರಿ ಚಿತ್ರಕ್ಕೆ ಹಣ ಸುರಿಯುವ ಬದಲು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡುವುದು, ಕಿವಿ ಮಂದವಾದರೆ ಯಂತ್ರ ಹಾಕಿಸಿಕೊಳ್ಳುವುದು, ನಾಲ್ಕು ಜನರೊಡನೆ ಬೆರೆಯುವುದು ಮೇಲು. ಇಂಥ 14 ಕಾರಣಗಳನ್ನು ತಿದ್ದಿಕೊಂಡರೆ ಮತಿಕ್ಷೀಣತೆಯ ಪ್ರಕರಣಗಳಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ 2024ರಲ್ಲಿ ಅಂದಾಜು ಮಾಡಿದೆ.

ಮುಂಗಾರು ಯಾವಾಗ ಎಂದು ಹವಾಮಾನ ಇಲಾಖೆ ಹೇಳುತ್ತದೆ. ಅದನ್ನು ಕೇಳಿ ರೈತ ಹೊಲ ಹದ ಮಾಡಿಕೊಳ್ಳುತ್ತಾನೆಯೇ ಹೊರತು ಅಂದಿನಿಂದಲೇ ಕಂಬಳಿ ಹೊದ್ದು ಕೂರುವುದಿಲ್ಲ. ಮಿದುಳಿನ ಚಿತ್ರವನ್ನೂ ಅದೇ ರೀತಿ ನೋಡುವುದು ಒಳ್ಳೆಯದು. ಅದು ಮುನ್ಸೂಚನೆ, ಜಾತಕವಲ್ಲ.